ನಡವಳಿ ಪುಸ್ತಕಕ್ಕೆ ಸೇರದ ಮಾತು

ಗುರುವಾರ ಸಂಜೆ, ಹೆವೆರಿನ್ ಮಾಂಸದಂಗಡಿಯ ಮಹಡಿಯಲ್ಲಿ
ನಾಕ್‌ಡರ್ರಿನ್ ಇತಿಹಾಸ ಸಂಘದ ಸಭೆ.
ಹಾಜರು ಐದು ಜನ. ಒಬ್ಬರಿಗೆ ಕಿವಿ ಕೇಳದು,
ಒಬ್ಬರು ಬಂದದ್ದು ಹೀಟರಿನ ಆಸೆಗೆ.
ಕಾರ್ಯದರ್ಶಿ ನಾನು. ಪೆನ್ನು ಸಂಘದ್ದು,
ಕೈಬರಹ ಮಾತ್ರ ನನ್ನದು.

ಇಂದಿನ ವಿಷಯ: ಒರತೆ.
ಊರ ಪಡುವಣಕ್ಕೆ, ಸುಣ್ಣದ ಗೂಡಿನ ಕೆಳಗಿದ್ದದ್ದು
ಒಂದು ರಾತ್ರಿ ಎದ್ದು, ರಸ್ತೆ ದಾಟಿ,
ಮೂಡಣದ ಕುರಿಹೊಲಕ್ಕೆ ಹೋಗಿ ಕೂತದ್ದು.
ಹೋಯಿತೆಂಬುದರಲ್ಲಿ ತಕರಾರಿಲ್ಲ.
ಯಾಕೆ ಎಂಬುದು ಚರ್ಚೆಗೆ.

ಮ್ಯಾಲಕಿ ತೂಯಿ ಎದ್ದು ನಿಂತ, ನಿವೃತ್ತ ಅಂಚೆಯವ.
ದೊಡ್ಡಮನೆಯ ದೊರೆಸಾನಿ ಬೇಟೆನಾಯಿಯನ್ನು ತಂದು
ಅದರಲ್ಲಿ ಅದ್ದಿ ತೊಳೆದಳು. ಅಷ್ಟೇ ಸಾಕಾಯಿತು.
"ನೀರಿಗೂ ಮಾನ ಇದೆ ನೋಡಿ.
ಮುನಿಸಿಕೊಂಡಿತು, ಹೊರಟಿತು."
ಜೊತೆಗೆ ಒರತೆಯ ಮೀನೂ ಹೋಯಿತಂತೆ,
ಗಾಡಿಜಾಡಿನ ನೀರಲ್ಲಿ ಈಜುತ್ತ,
ನೀರು ಮುಗಿದಲ್ಲಿ ಜಿಗಿಯುತ್ತ,
ಬೆಳದಿಂಗಳಲ್ಲಿ ಮಗ್ಗುಲು ಮಿನುಗಿಸುತ್ತ.
ಅವನ ಮುತ್ತಜ್ಜಿ ಕಿಟಕಿಯಿಂದ ಕಂಡದ್ದು.

ಆ ಮನೆಗೆ ಆಗ ಕಿಟಕಿಯೇ ಇರಲಿಲ್ಲ
ಎಂದಳು ಡಿಂಪ್ನಾ ಗಿಲ್ಡೇ.
ಹಾಗಾದರೆ ಬಾಗಿಲ ಸಂದಿಯಿಂದ,
ಎಂದ ಮ್ಯಾಲಕಿ, ಬಿಟ್ಟುಕೊಡದೆ.

ಡಿಂಪ್ನಾ ಚೀಲದಿಂದ ತೆಗೆದದ್ದು ಜೆರಾಕ್ಸ್ ಹಾಳೆ.
ಸಾವಿರದ ಎಂಟುನೂರ ನಲವತ್ತೇಳು, ಫೆಬ್ರವರಿ,
ಆಲೂಗಡ್ಡೆ ಕೊಳೆತ ಎರಡನೆಯ ಚಳಿಗಾಲ.
ರಸ್ತೆ ಕೆಲಸಕ್ಕೆ ನಲವತ್ತು ಗಂಡಾಳು,
ಹನ್ನೊಂದು ಹೆಣ್ಣಾಳು,
ಕಲ್ಲು ಕುಟ್ಟಲು ಮಕ್ಕಳು. ಎಷ್ಟೆಂದು ಬರೆದಿಲ್ಲ.
ಎಲ್ಲಿಗೂ ಮುಟ್ಟಬೇಕಿಲ್ಲದ ರಸ್ತೆ ಅದು.
ಹಸಿದವರಿಗೆ ಹಿಟ್ಟು ಬಿಟ್ಟಿ ಕೊಡಬಾರದೆಂದು
ಮೇಲಿನವರು ಮಾಡಿಸಿದ ರಸ್ತೆ.
ಹಾಳೆಯ ತುದಿಯಲ್ಲಿ, ನೇರ ಅಕ್ಷರದಲ್ಲಿ:
"ಒರತೆ ಅಡ್ಡ ಬಂದಿದೆ. ಜಲ್ಲಿ ತುಂಬಿಸಲಾಯಿತು.
ಅರವತ್ತು ಕೈಗಾಡಿ."

ನಾಯಿಯ ಸುದ್ದಿ ಇಲ್ಲ. ಮೀನಿನದೂ ಇಲ್ಲ.

ಸ್ವಲ್ಪ ಹೊತ್ತು ಹೀಟರೊಂದೇ ಮಾತಾಡಿತು.

ಆಗ ಕಿವಿ ಕೇಳದ ಫೆಲಿಮ್ ಬ್ರಾಡಿಗನ್
ಹಾಳೆ ಎಳೆದುಕೊಂಡು, ಹೆಸರುಗಳ ಮೇಲೆ
ಬೆರಳಿಡುತ್ತ ಇಳಿದ, ಮೆಟ್ಟಿಲಿಳಿದ ಹಾಗೆ.
ಒಂದು ಮೆಟ್ಟಿಲಲ್ಲಿ ನಿಂತ.
ಕಿವುಡರ ಗಟ್ಟಿ ದನಿಯಲ್ಲಿ ಓದಿದ:
"ಓವನ್ ತೂಯಿ. ವಯಸ್ಸು ಹತ್ತೊಂಬತ್ತು.
ಜಲ್ಲಿ ಇಪ್ಪತ್ತು ಕೈಗಾಡಿ. ಎಂಟು ಪೆನ್ನಿ."

"ಅದು ಬೇರೆ ತೂಯಿಗಳು," ಎಂದ ಮ್ಯಾಲಕಿ.
"ಹೌದು, ಬೇರೆ," ಎಂದಳು ಡಿಂಪ್ನಾ, ತಕ್ಷಣ,
ತಿದ್ದುವುದೇ ಸ್ವಭಾವವಾದ ಡಿಂಪ್ನಾ,
ಮತ್ತು ಹಾಳೆಯನ್ನು ನಾಲ್ಕಾಗಿ ಮಡಚಿದಳು.
ಈ ಊರಲ್ಲಿ ಎಂದೂ ಇದ್ದದ್ದು
ಒಂದೇ ತೂಯಿ ಮನೆ.

ಯಾರೋ ಚಹಾ ಬಗ್ಗಿಸಿದರು.
ನಾನು ಬರೆದೆ: "ಒರತೆಯ ಕುರಿತು ಎರಡು ಅಭಿಪ್ರಾಯ.
ಮುಂದಿನ ಸಭೆಗೆ ಉಳಿಸಿದೆ.
ಬಿಸ್ಕತ್ತಿಗೆ ಮೂರು ಯೂರೊ ಎಪ್ಪತ್ತು."

ಬರೆಯದ್ದು ಇಷ್ಟು.
ಬಾಗಿಲ ಸಂದಿಯಿಂದ ಒಬ್ಬ ಹುಡುಗಿ
ರಸ್ತೆಯನ್ನು ನೋಡಿದ್ದು ನಿಜವಿರಬಹುದು.
ಕತ್ತಲಲ್ಲಿ ಏನೋ ಮನೆಗೆ ಬರುತ್ತಿತ್ತು,
ಮೊಣಕಾಲವರೆಗೆ ನೆನೆದು, ಮಿನುಗುತ್ತ,
ಎಂಟು ಪೆನ್ನಿಯ ಜೋಳದ ಹಿಟ್ಟು ಹೊತ್ತು.
ಮೊಮ್ಮಕ್ಕಳು ಕೇಳಿದಾಗ
ಅವಳು ಮೀನು ಎಂದಳು.
ಇನ್ನೇನು ಹೇಳಬೇಕಿತ್ತು?

ಇನ್ನೊಂದು. ಸುಣ್ಣದ ಗೂಡಿನ ತಿರುವಿನಲ್ಲಿ
ಬಿಸಿಲ ಜೂನ್ ತಿಂಗಳಲ್ಲೂ ಡಾಂಬರು ಒದ್ದೆ.
ಕೌಂಟಿಯವರು ಮೂರು ಸಲ ತೇಪೆ ಹಾಕಿದರು.
ಮೂರು ಸಲವೂ ಅದು ಬೆವರಿತು.
ನಲವತ್ತು ವರ್ಷ ಕಾಗದ ಹಂಚಿದ ಮ್ಯಾಲಕಿ,
ಗಾಳಿ ಮಳೆಗೆ ಜಗ್ಗದ ಮ್ಯಾಲಕಿ,
ಅಲ್ಲಿ ಮಾತ್ರ ಸೈಕಲ್ ಇಳಿದು
ತಳ್ಳಿಕೊಂಡು ಹೋಗುತ್ತಿದ್ದ.

ಅಲ್ಲಿ ಏರಿಲ್ಲ.
ರಸ್ತೆ ಪೂರಾ ಸಮತಟ್ಟು.